ಉಳಿದ 36 ಕಂತುಗಳ ಇವತ್ತಿನ ಬೆಲೆ ಎಷ್ಟು?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಎರಡು ವರ್ಷದ ಹಿಂದೆ ಪಿಕಪ್ ಗಾಡಿಗೆ 8 ಲಕ್ಷ ಸಾಲ ತೆಗೆದೆ. ಶೇ 12 ಸ್ಥಿರ ಬಡ್ಡಿ, 60 ಕಂತು, ತಿಂಗಳಿಗೆ 17,796 ರೂಪಾಯಿ. 24 ಕಂತು ಕಟ್ಟಿದ್ದೇನೆ, ಒಂದೂ ತಪ್ಪಿಸಿಲ್ಲ. ಈ ಸಲ ರೋಬಸ್ಟಾ ಮಾರಿದ ದುಡ್ಡು ಕೈಯಲ್ಲಿದೆ. ಉಳಿದ 36 ಕಂತನ್ನು ಗುಣಿಸಿದರೆ 6,40,656 ಬರುತ್ತದೆ. ಶಾಖೆಯಲ್ಲಿ ಕೇಳಿದರೆ ಬಾಕಿ ಸುಮಾರು 5 ಲಕ್ಷ 36 ಸಾವಿರ, ಅದರ ಮೇಲೆ ಶೇ 4 ಮುಕ್ತಾಯ ಶುಲ್ಕ ಎಂದರು. ಈ 5.36 ಲಕ್ಷ ಎಲ್ಲಿಂದ ಬಂತು? ಬ್ಯಾಂಕಿನವರು ಮೊದಲೇ ಬಡ್ಡಿಯನ್ನೆಲ್ಲ ಹಿಡಿದುಕೊಂಡಿರುತ್ತಾರೆ, ಈಗ ಕಟ್ಟಿ ಪ್ರಯೋಜನವಿಲ್ಲ ಎಂದು ನೆಂಟರೊಬ್ಬರು ಹೇಳುತ್ತಾರೆ, ನಿಜವೇ? ಇನ್ನೊಂದು ವಿಷಯ. ಮೂಡಿಗೆರೆಯಲ್ಲಿರುವ ನನ್ನ ತಮ್ಮ ಮಿನಿ ಟ್ರ್ಯಾಕ್ಟರ್‌ಗೆ 5 ಲಕ್ಷ ಸಾಲ ತೆಗೆಯಬೇಕೆಂದಿದ್ದಾನೆ. ಡೀಲರ್ ಕಡೆಯ ಫೈನಾನ್ಸ್‌ನವರು ಶೇ 9 ಫ್ಲ್ಯಾಟ್, 36 ಕಂತು, ಮೊದಲ ಕಂತು ಗಾಡಿ ಕೊಡುವ ದಿನವೇ ಎನ್ನುತ್ತಾರೆ. ಬ್ಯಾಂಕಿನವರು ಶೇ 12, ವರ್ಷಕ್ಕೊಂದೇ ಕಂತು, 2,10,620ರಂತೆ ಮೂರು ಸಲ ಎನ್ನುತ್ತಾರೆ. ಎರಡರ ಮೊತ್ತವೂ ಹೆಚ್ಚುಕಡಿಮೆ ಒಂದೇ. ಯಾವುದು ವಾಸಿ?

ಉತ್ತರ: ಶಾಖೆಯವರು ಹೇಳಿದ ಲೆಕ್ಕ ಸರಿ ಇದೆ. ನೀವು ಇನ್ನು ಕಟ್ಟಬೇಕಾದ 36 ಕಂತುಗಳನ್ನು ನಿಮ್ಮ ಸಾಲದ ಬಡ್ಡಿ ದರದಲ್ಲೇ ಇವತ್ತಿಗೆ ಇಳಿಸಿದರೆ ಸಿಗುವ ಮೊತ್ತ ಅದು. ಪುಸ್ತಕಗಳಲ್ಲಿ ಇದಕ್ಕೆ ಪ್ರಸ್ತುತ ಮೌಲ್ಯ ಎನ್ನುತ್ತಾರೆ, ನಾನು ಇಂದಿನ ಮೌಲ್ಯ ಎನ್ನುತ್ತೇನೆ. ಆದರೆ ಈಗ ಸಾಲ ತೀರಿಸುವುದು ಒಳ್ಳೆಯದೋ ಅಲ್ಲವೋ ಎಂಬುದನ್ನು ಆ ಮೊತ್ತ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ದರ ಬೇಕು, ಅದು ಬ್ಯಾಂಕಿನದಲ್ಲ, ನಿಮ್ಮದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಆ 6,40,656 ಎಂಬ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕಿ. ಮುಂದಿನ ತಿಂಗಳು ಕೊಡುವ 17,796ನ್ನೂ ಮೂರು ವರ್ಷದ ನಂತರ ಕೊಡುವ 17,796ನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಸಾಲದ ವಿಷಯದಲ್ಲಿ ನಮ್ಮ ಜನ ಮೋಸ ಹೋಗುವುದು ಬಹುಪಾಲು ಇಲ್ಲಿಯೇ. ಬೇರೆ ಬೇರೆ ತಾರೀಖಿನ ರೂಪಾಯಿಗಳನ್ನು ಕೂಡಿಸಬೇಕಾದರೆ ಮೊದಲು ಎಲ್ಲವನ್ನೂ ಒಂದೇ ದಿನಕ್ಕೆ ತರಬೇಕು.

ತರುವುದು ಹೇಗೆ? ವರ್ಷಕ್ಕೆ ಶೇ 12 ಎಂದರೆ ತಿಂಗಳಿಗೆ ಶೇ 1. ಇವತ್ತು 100 ರೂಪಾಯಿ ಬಾಕಿ ಇದ್ದರೆ ಮುಂದಿನ ತಿಂಗಳಿಗೆ 101 ಆಗುತ್ತದೆ. ಹಾಗಾದರೆ ಮುಂದಿನ ತಿಂಗಳು ಕೊಡುವ 101 ರೂಪಾಯಿಗೆ ಇವತ್ತಿನ ಬೆಲೆ 100. ಅಂದರೆ ಒಂದು ತಿಂಗಳು ಹಿಂದಕ್ಕೆ ತರಲು 1.01ರಿಂದ ಭಾಗಿಸಬೇಕು, ಎರಡು ತಿಂಗಳಾದರೆ ಎರಡು ಸಲ, 36 ತಿಂಗಳಾದರೆ 36 ಸಲ. ನಿಮ್ಮ ಮುಂದಿನ ಕಂತಿನ ಇಂದಿನ ಮೌಲ್ಯ 17,620 ರೂಪಾಯಿ. ಒಂದು ವರ್ಷದ ನಂತರದ ಕಂತಿನದು 15,793. ಕಟ್ಟಕಡೆಯ ಕಂತಿನದು 12,438 ಮಾತ್ರ. ಹೀಗೆ 36 ಕಂತುಗಳನ್ನೂ ಒಂದೊಂದಾಗಿ ಇಳಿಸಿ ಕೂಡಿಸಿದರೆ ಶಾಖೆಯವರು ಹೇಳಿದ ಬಾಕಿ ಸಿಗುತ್ತದೆ.

ಒಂದೊಂದಾಗಿ ಮಾಡುವ ತಾಪತ್ರಯ ಬೇಡ, ಅಡ್ಡದಾರಿಯೊಂದಿದೆ. ಅಂಗಡಿಯಲ್ಲಿ ಬಳಸುವ ಸಾದಾ ಕ್ಯಾಲ್ಕುಲೇಟರ್ ಸಾಕು. 1.01ನ್ನು ಅದರಿಂದಲೇ ಗುಣಿಸಿ, 1.0201. ಅದನ್ನು ಅದರಿಂದಲೇ ಗುಣಿಸಿದರೆ 1.040604, ಇದು ನಾಲ್ಕು ತಿಂಗಳದ್ದು. ಇದನ್ನು ಬರೆದಿಟ್ಟುಕೊಳ್ಳಿ. ಮತ್ತೆ ಅದರಿಂದಲೇ ಗುಣಿಸುತ್ತಾ ಹೋದರೆ 8 ತಿಂಗಳಿಗೆ 1.082857, 16ಕ್ಕೆ 1.172579, 32ಕ್ಕೆ 1.374941. ನಮಗೆ ಬೇಕಿರುವುದು 36, ಅಂದರೆ 32 ಮತ್ತು 4. ಹಾಗಾಗಿ 1.374941ನ್ನು ಬರೆದಿಟ್ಟುಕೊಂಡ 1.040604ರಿಂದ ಗುಣಿಸಿ, 1.430769. ಈಗ 1ನ್ನು ಇದರಿಂದ ಭಾಗಿಸಿ, 0.698925. ಅದನ್ನು 1ರಿಂದ ಕಳೆಯಿರಿ, 0.301075. ತಿಂಗಳ ಬಡ್ಡಿ ದರ 0.01ರಿಂದ ಭಾಗಿಸಿ, 30.1075. ಈ ಕೊನೆಯ ಅಂಕಿಯೇ ಮುಖ್ಯ, ಇದನ್ನು ಗುಣಕ ಎನ್ನೋಣ. ತಿಂಗಳಿಗೆ ಒಂದು ರೂಪಾಯಿಯಂತೆ 36 ತಿಂಗಳು ಕೊಡುವ ಭರವಸೆಗೆ ಇವತ್ತಿನ ಬೆಲೆ 30 ರೂಪಾಯಿ 11 ಪೈಸೆ ಎಂದು ಇದರ ಅರ್ಥ. ನಿಮ್ಮ ಕಂತಿನಿಂದ ಗುಣಿಸಿದರೆ 5,35,793.

ಎಕ್ಸೆಲ್ ಬಳಸುವವರಿದ್ದರೆ ಪಿವಿ ಎಂಬ ಸೂತ್ರಕ್ಕೆ ತಿಂಗಳ ದರ, ಕಂತಿನ ಸಂಖ್ಯೆ, ಕಂತಿನ ಮೊತ್ತ ಈ ಮೂರನ್ನು ಕೊಟ್ಟರೆ ಒಂದೇ ಏಟಿಗೆ ಉತ್ತರ ಬರುತ್ತದೆ. ಅಲ್ಲಿ ವರ್ಷದ ದರವನ್ನು 12ರಿಂದ ಭಾಗಿಸದೆ ಹಾಗೇ ಹಾಕಿ ತಬ್ಬಿಬ್ಬಾಗುವವರು ಬಹಳ. ಬ್ಯಾಂಕಿನ ಪುಸ್ತಕಕ್ಕೂ ನಿಮ್ಮ ಲೆಕ್ಕಕ್ಕೂ ಇಪ್ಪತ್ತು ಮೂವತ್ತು ರೂಪಾಯಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ನಿಮ್ಮ ನಿಜವಾದ ಕಂತು 17,795 ರೂಪಾಯಿ 56 ಪೈಸೆ, ಅದನ್ನು ಪೂರ್ತಿ ರೂಪಾಯಿಗೆ ಏರಿಸಿದ್ದಾರೆ. ತಿಂಗಳಿಗೆ ಹೆಚ್ಚಾಗಿ ಹೋದ ಆ ಪೈಸೆಗಳು ಕೊನೆಯ ಕಂತಿನಲ್ಲಿ ಕಡಿಮೆಯಾಗುತ್ತವೆ.

ಇನ್ನು ನಿಮ್ಮ ನೆಂಟರ ಮಾತು. ಬಡ್ಡಿಯನ್ನು ಯಾರೂ ಮೊದಲೇ ಹಿಡಿದುಕೊಂಡಿಲ್ಲ. ಮೊದಲ ತಿಂಗಳು ನಿಮ್ಮ ಬಾಕಿ 8 ಲಕ್ಷ ಇತ್ತು, ಅದರ ಶೇ 1, ಅಂದರೆ 8,000 ಬಡ್ಡಿಗೆ ಹೋಯಿತು, ಉಳಿದ 9,796 ಅಸಲಿಗೆ. ಈಗ ಬಾಕಿ 5.36 ಲಕ್ಷ, ಹಾಗಾಗಿ ಮುಂದಿನ ಕಂತಿನಲ್ಲಿ ಬಡ್ಡಿ 5,358 ಮಾತ್ರ. ಆಯಾ ತಿಂಗಳು ಉಳಿದಿರುವ ಅಸಲಿಗೆ ಆಯಾ ತಿಂಗಳ ಬಡ್ಡಿ, ಅಷ್ಟೇ. ಆರಂಭದಲ್ಲಿ ಬಡ್ಡಿ ಹೆಚ್ಚು ಕಾಣುವುದು ಆಗ ಸಾಲವೇ ಹೆಚ್ಚಿದ್ದ ಕಾರಣಕ್ಕೆ. ಅರ್ಧ ಅವಧಿ ಕಳೆದ ಮೇಲೆ ತೀರಿಸಿ ಉಪಯೋಗವಿಲ್ಲ ಎಂಬ ಮಾತನ್ನು ಹಾಸನದಿಂದ ಕೊಪ್ಪದವರೆಗೆ ಎಲ್ಲ ಕಡೆ ಕೇಳಿದ್ದೇನೆ. ಕೊನೆಯ ವರ್ಷದಲ್ಲೂ ಉಳಿದ ಪ್ರತಿ ರೂಪಾಯಿಗೆ ನೀವು ಕೊಡುತ್ತಿರುವುದು ಅದೇ ಶೇ 12. ಉಳಿತಾಯದ ಮೊತ್ತ ಚಿಕ್ಕದಾಗಿರುತ್ತದೆ ಎಂಬುದು ನಿಜ. ಸಾಲವೂ ಆಗ ಚಿಕ್ಕದೇ.

ಶಾಖೆಯಿಂದ ಮುಕ್ತಾಯದ ಲೆಕ್ಕವನ್ನು ಬರವಣಿಗೆಯಲ್ಲಿ ಪಡೆಯಿರಿ. ಮೇಲಿನ ಬಾಕಿ ಕಂತು ಕಟ್ಟಿದ ದಿನದ್ದು. ಆಮೇಲೆ ದಿನಕ್ಕೆ 176 ರೂಪಾಯಿಯಂತೆ ಬಡ್ಡಿ ಸೇರುತ್ತದೆ, 15 ದಿನ ಕಳೆದು ಹೋದರೆ 2,642 ಹೆಚ್ಚು ಕೊಡಬೇಕಾಗುತ್ತದೆ. ಹಾಗಾಗಿ ಕಂತಿನ ತಾರೀಖಿನ ಮಾರನೇ ದಿನ ಹೋಗುವುದು ಲೇಸು. ಮುಕ್ತಾಯ ಶುಲ್ಕ ಶೇ 4 ಎಂದರೆ 21,432, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 25,289. ಒಟ್ಟು ಕೊಡಬೇಕಾದದ್ದು 5,61,082. 2026ರ ಜನವರಿ 1ರಿಂದ ಮಂಜೂರಾಗುವ ಬದಲಾಗುವ ಬಡ್ಡಿಯ ಸಾಲಗಳಲ್ಲಿ, ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ತೆಗೆದ ಸಾಲವಾದರೆ ಇಂಥ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ನಿಮ್ಮದು ಅದಕ್ಕೂ ಹಿಂದಿನ ಸಾಲ, ಅದೂ ಸ್ಥಿರ ಬಡ್ಡಿಯದು. ಒಪ್ಪಂದದಲ್ಲಿ ಶುಲ್ಕ ಬರೆದಿದ್ದರೆ ಕೊಡಲೇಬೇಕು. ಆದರೂ ಒಪ್ಪಂದದ ಪುಟ ತೆಗೆದು ಶೇ 4 ಎಂದೇ ಇದೆಯೇ, ಎರಡು ವರ್ಷದ ನಂತರ ಕಡಿಮೆಯಾಗುತ್ತದೆ ಎಂದಿದೆಯೇ ಎಂದು ಕಣ್ಣಾರೆ ಓದಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಇವತ್ತು 5,61,082 ಕೊಟ್ಟು 36 ಕಂತುಗಳಿಂದ ಬಿಡುಗಡೆ ಪಡೆಯಬೇಕೇ? ಇದಕ್ಕೆ ಅದೇ 36 ಕಂತುಗಳನ್ನು ಇನ್ನೊಮ್ಮೆ ಇವತ್ತಿಗೆ ಇಳಿಸಬೇಕು. ಆದರೆ ಈ ಸಲ ಬ್ಯಾಂಕಿನ ಶೇ 12ರಲ್ಲಲ್ಲ. ಈ ದುಡ್ಡು ನಿಮ್ಮ ಕೈಯಲ್ಲೇ ಉಳಿದರೆ ಎಷ್ಟು ದುಡಿಯುತ್ತದೆ, ಅಥವಾ ಎಷ್ಟು ಬಡ್ಡಿಯ ಬೇರೆ ಸಾಲವನ್ನು ತಪ್ಪಿಸುತ್ತದೆ, ಆ ದರದಲ್ಲಿ.

ನೀವು ಇದನ್ನು ಬ್ಯಾಂಕಿನಲ್ಲಿ ಠೇವಣಿ ಇಡುವವರು, ಅಲ್ಲಿ ಶೇ 7 ಸಿಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳ ದರ ಶೇ 0.5833, ಗುಣಕ 32.3865, ಕಂತುಗಳ ಮೌಲ್ಯ 5,76,350. ಅಂದರೆ ಇಷ್ಟು ಹಣವನ್ನು ಶೇ 7ಕ್ಕೆ ಇಟ್ಟು ತಿಂಗಳಿಗೆ 17,796 ತೆಗೆಯುತ್ತಾ ಹೋದರೆ 36ನೇ ತಿಂಗಳು ಖಾತೆ ಸೊನ್ನೆಯಾಗುತ್ತದೆ. ಅದೇ ಕೆಲಸ 5,61,082ರಲ್ಲಿ ಇವತ್ತೇ ಮುಗಿಯುತ್ತದೆ ಎಂದಾದರೆ ತೀರಿಸುವುದರಲ್ಲಿ ನಿಮಗೆ 15,268 ಲಾಭ. ಶುಲ್ಕ ಇಲ್ಲದಿದ್ದರೆ ಲಾಭ 40,557 ಇರುತ್ತಿತ್ತು, ಅದರಲ್ಲಿ ಹೆಚ್ಚಿನ ಪಾಲನ್ನು ಶುಲ್ಕವೇ ತಿಂದಿತು. ಠೇವಣಿಯ ಬಡ್ಡಿ ಕೃಷಿ ಆದಾಯವಲ್ಲ, ಅದಕ್ಕೆ ನೀವು ತೆರಿಗೆ ಕಟ್ಟುವವರಾದರೆ ತೀರಿಸುವ ಕಡೆಗೇ ತಕ್ಕಡಿ ಇನ್ನೂ ಸ್ವಲ್ಪ ವಾಲುತ್ತದೆ.

ಆದರೆ ನೀವು ಬರೆದಿರುವುದು ತೋಟದಿಂದ. ಮುಂದಿನ ಕಾಫಿ ಮಾರುವ ತನಕ ಖರ್ಚು ಹೇಗೆ ಬರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮುಂಗಾರಿಗೆ ಮೊದಲು ಗೊಬ್ಬರ, ಬೋರ್ಡೋ ಸಿಂಪಡಣೆ, ಮರಗಸಿ, ಗಿಡದ ಕಸಿ, ಕಳೆ ಹೊಡೆಸುವುದು, ಇವಕ್ಕೆಲ್ಲ ವಾರ ವಾರದ ಬಟವಾಡೆ. ಕೈಯಲ್ಲಿದ್ದ ದುಡ್ಡನ್ನು ಪಿಕಪ್ ಸಾಲಕ್ಕೆ ಸುರಿದು, ಜೂನ್‌ನಲ್ಲಿ ಊರಿನ ಯಾರಲ್ಲೋ ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತಂದರೆ ಏನಾಗುತ್ತದೆ ನೋಡಿ. ಆಗ ನಿಮ್ಮ ದರ ತಿಂಗಳಿಗೆ ಶೇ 2. ಆ ದರದಲ್ಲಿ 36 ಕಂತುಗಳ ಮೌಲ್ಯ 4,53,599ಕ್ಕೆ ಇಳಿಯುತ್ತದೆ. ನಾಲ್ಕೂವರೆ ಲಕ್ಷ ಬೆಲೆಯ ಹೊರೆಯನ್ನು ಇಳಿಸಿಕೊಳ್ಳಲು 5.61 ಲಕ್ಷ ಕೊಟ್ಟಂತಾಯಿತು, ಲಕ್ಷಕ್ಕೂ ಮೀರಿ ನಷ್ಟ. ಮೂರೂ ವರ್ಷ ಕೈಸಾಲದಲ್ಲೇ ಇರುವುದಿಲ್ಲವಲ್ಲ ಎನ್ನಬಹುದು, ಸರಿ, ನಷ್ಟ ಅಷ್ಟು ದೊಡ್ಡದಾಗದೇ ಇರಬಹುದು. ಆದರೆ ಶೇ 12ರ ಸಾಲ ತೀರಿಸಿ ಶೇ 24ರ ಸಾಲ ತರುವ ಲೆಕ್ಕ ಎಷ್ಟೇ ತಿಂಗಳಿಗಾದರೂ ಲಾಭದ್ದಲ್ಲ.

ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಲೆಕ್ಕ ಹಾಕಿದರೆ ಸುಮಾರು ಶೇ 8.8 ಬರುತ್ತದೆ. ಆ ದರದಲ್ಲಿ ಕಂತುಗಳ ಮೌಲ್ಯವೂ ಮುಕ್ತಾಯದ ಮೊತ್ತವೂ ಒಂದೇ. ನಿಮ್ಮ ದುಡ್ಡಿಗೆ ಖಚಿತವಾಗಿ ಇದಕ್ಕಿಂತ ಹೆಚ್ಚು ಕೆಲಸವಿದ್ದರೆ ಸಾಲವನ್ನು ಅದರ ಪಾಡಿಗೆ ಬಿಡಿ, ಇಲ್ಲವಾದರೆ ತೀರಿಸಿ. ಸಹಕಾರ ಸಂಘದಲ್ಲಿ ಕಡಿಮೆ ಬಡ್ಡಿಯ ಬೆಳೆಸಾಲ ಸಿಗುವುದು ಗ್ಯಾರಂಟಿ ಇದ್ದರೆ ತೋಟದ ಖರ್ಚನ್ನು ಅದರಲ್ಲಿ ನಿಭಾಯಿಸಿ ಗಾಡಿ ಸಾಲ ತೀರಿಸಬಹುದು. ಸಿಗಬಹುದು ಎಂಬ ಅಂದಾಜಿನ ಮೇಲೆ ಮಾತ್ರ ಹಾಗೆ ಮಾಡಬೇಡಿ.

ನಿಮಗೆ ನನ್ನ ಸಲಹೆ ನಡುವಿನದು. ಒಂದು ವರ್ಷದ ತೋಟದ ಖರ್ಚು, ಮನೆ ಖರ್ಚು, ಜೊತೆಗೆ 12 ಕಂತು, ಅಂದರೆ 2,13,552, ಇಷ್ಟನ್ನು ಮೊದಲು ಎತ್ತಿಡಿ. ಮಿಕ್ಕಿದ್ದರಲ್ಲಿ ಭಾಗಶಃ ಕಟ್ಟಿ. ಉದಾಹರಣೆಗೆ ಕೊನೆಯ 15 ಕಂತುಗಳನ್ನು ತೆಗೆದುಕೊಳ್ಳಿ. ಅವುಗಳನ್ನು ಕೂಡಿಸಿದರೆ 2,66,940, ಶೇ 12ರಲ್ಲಿ ಅವುಗಳ ಇಂದಿನ ಮೌಲ್ಯ 2,00,214. ಅಂದರೆ ಇವತ್ತು ಎರಡು ಲಕ್ಷ ಚಿಲ್ಲರೆ ಅಸಲಿಗೆ ಕಟ್ಟಿದರೆ ಕೊನೆಯ 15 ಕಂತು ಅಳಿಸಿಹೋಗುತ್ತವೆ, 36 ಇದ್ದದ್ದು 21 ಆಗುತ್ತದೆ. ಇದು ಬೇಡ, ತಿಂಗಳ ಕಂತು ಹಗುರವಾದರೆ ಸಾಕು ಎಂದಾದರೆ 36 ತಿಂಗಳನ್ನೇ ಇಟ್ಟುಕೊಂಡು ಕಂತನ್ನು ಸುಮಾರು 11,150ಕ್ಕೆ ಇಳಿಸಿಕೊಳ್ಳಬಹುದು. ಎರಡರಲ್ಲೂ ಬಡ್ಡಿ ದರ ಅದೇ ಶೇ 12, ಒಂದು ಲಾಭ ಒಂದು ನಷ್ಟ ಎಂದೇನಿಲ್ಲ. ಮಳೆಗಾಲದಲ್ಲಿ ಕಂತಿಗೆ ಒದ್ದಾಡುವವರು ಕಂತು ಇಳಿಸಿಕೊಳ್ಳುವುದೇ ಮೇಲು. ಎರಡರಲ್ಲಿ ಯಾವುದು ಬೇಕೆಂದು ಅರ್ಜಿಯಲ್ಲೇ ಬರೆದುಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಭಾಗಶಃ ಪಾವತಿಗೂ ಶುಲ್ಕ ಇದೆಯೇ ಎಂದು ಕೇಳಿ. ಪೂರ್ತಿ ತೀರಿಸಿದರಂತೂ ಬೇಬಾಕಿ ಪತ್ರವನ್ನೂ ಫಾರಂ 35ನ್ನೂ ಪಡೆದು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಿ. ಇಲ್ಲವಾದರೆ ಗಾಡಿ ಮಾರುವ ದಿನ ಅಲೆದಾಟ.

ನಿಮ್ಮ ತಮ್ಮನ ವಿಷಯದಲ್ಲಿ ಇಂದಿನ ಮೌಲ್ಯದ ಲೆಕ್ಕ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಫ್ಲ್ಯಾಟ್ ಶೇ 9 ಎಂದರೆ 5 ಲಕ್ಷಕ್ಕೆ ವರ್ಷಕ್ಕೆ 45,000, ಮೂರು ವರ್ಷಕ್ಕೆ 1,35,000. ಅಸಲಿಗೆ ಸೇರಿಸಿ 36ರಿಂದ ಭಾಗಿಸಿದರೆ ಕಂತು 17,639. ಇಲ್ಲಿ ತಿಂಗಳಿಗೆ 3,750 ಬಡ್ಡಿ ಕೊನೆಯ ತಿಂಗಳಲ್ಲೂ ಇರುತ್ತದೆ, ಆಗ ಉಳಿದಿರುವ ಸಾಲ ಹದಿನೇಳೋ ಹದಿನೆಂಟೋ ಸಾವಿರವಾದರೂ ಬಡ್ಡಿ ಹಾಕುವುದು 5 ಲಕ್ಷಕ್ಕೇ. ನಿಜವಾದ ದರ ಕಂಡುಹಿಡಿಯಲು 5,00,000ವನ್ನು ಕಂತಿನಿಂದ ಭಾಗಿಸಿ, 28.35 ಬರುತ್ತದೆ. ಮೇಲೆ ಹೇಳಿದ ಗುಣಕದ ಲೆಕ್ಕವನ್ನು ಬೇರೆ ಬೇರೆ ದರದಲ್ಲಿ ಮಾಡಿ ನೋಡಿದರೆ ತಿಂಗಳಿಗೆ ಶೇ 1.35ರ ಆಸುಪಾಸಿನಲ್ಲಿ ಅದು ಸಿಗುತ್ತದೆ. ವರ್ಷಕ್ಕೆ ಸುಮಾರು ಶೇ 16.2. ಮೊದಲ ಕಂತನ್ನು ಗಾಡಿ ಕೊಡುವ ದಿನವೇ ಹಿಡಿದುಕೊಂಡರೆ ಕೈಗೆ ಬರುವ ಸಾಲವೇ 4,82,361, ಆಗ ದರ ಸುಮಾರು 17.3ಕ್ಕೆ ಏರುತ್ತದೆ. ಶೇ 9 ಎಂದು ಕೇಳಿದ್ದು ಇಲ್ಲಿಗೆ ಬಂದು ನಿಂತಿತು. ಫ್ಲ್ಯಾಟ್ ದರವನ್ನು ಬಡ್ಡಿ ದರ ಎಂದು ಕರೆಯುವುದೇ ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಬ್ಯಾಂಕಿನ ವಾರ್ಷಿಕ ಕಂತು 2,10,620. ತಿಂಗಳಿಗೆ ಶೇ 1ರಂತೆ ಬಡ್ಡಿ ಸೇರುತ್ತಾ ಹೋದರೆ ವರ್ಷಕ್ಕೆ ಆಗುವುದು ಶೇ 12 ಅಲ್ಲ, 12.68. ವರ್ಷದ ಕಂತುಗಳನ್ನು ಇಳಿಸುವಾಗ ಈ 12.68ನ್ನೇ ಬಳಸಬೇಕು. ಬಳಸಿದರೆ ಮೂರು ಕಂತುಗಳ ಇಂದಿನ ಮೌಲ್ಯ ಸರಿಯಾಗಿ 5 ಲಕ್ಷ, ಬ್ಯಾಂಕಿನವರು ಏನನ್ನೂ ಮುಚ್ಚಿಟ್ಟಿಲ್ಲ. ಅದೇ ದರದಲ್ಲಿ ತಿಂಗಳ ಕಂತು ಕಟ್ಟಿದ್ದರೆ 16,607ರಂತೆ ಒಟ್ಟು 5,97,852 ಆಗುತ್ತಿತ್ತು, ವರ್ಷದ ಕಂತಿನಲ್ಲಿ ಒಟ್ಟು 6,31,860. ಮೂವತ್ತನಾಲ್ಕು ಸಾವಿರ ಹೆಚ್ಚು ಎಂದು ನಿಮ್ಮ ತಮ್ಮ ಹಿಂಜರಿಯಬಾರದು. ದುಡ್ಡು ವರ್ಷವಿಡೀ ನಿಮ್ಮ ತಮ್ಮನ ಕೈಯಲ್ಲೇ ಇರುತ್ತದೆ, ಅದರ ಬೆಲೆ ಅದು. ಕಾಫಿ, ಮೆಣಸು ಮಾರಿದಾಗ ಮಾತ್ರ ದುಡ್ಡು ನೋಡುವ ಮನೆಗೆ ವರ್ಷದ ಕಂತೇ ಒಗ್ಗುತ್ತದೆ. ಒಂದೇ ಎಚ್ಚರ: ಮೊದಲ ಕಂತಿನ ತಾರೀಖು. ಈ ಮೊತ್ತ ಪೂರ್ತಿ 12 ತಿಂಗಳ ನಂತರ ಕಟ್ಟುವ ಲೆಕ್ಕದ್ದು. ಏಪ್ರಿಲ್‌ನಲ್ಲಿ ಸಾಲ ಕೊಟ್ಟು ಮುಂದಿನ ಮಾರ್ಚ್‌ಗೇ ಮೊದಲ ಕಂತು, ಆಮೇಲೆ ಪ್ರತಿ ಮಾರ್ಚ್ ಎಂದರೆ ಎಲ್ಲ ಕಂತುಗಳೂ ಒಂದು ತಿಂಗಳು ಮುಂಚೆ ಬಂದಂತೆ, ಆಗ ಕಂತು 2,08,535 ಇರಬೇಕು. ಈ ಎರಡು ಸಾವಿರವನ್ನು ಕೇಳಿ ಪಡೆಯಬೇಕು.

ಎರಡನ್ನೂ ಪಕ್ಕಪಕ್ಕ ಇಡಿ. ಫ್ಲ್ಯಾಟ್‌ನ ಒಟ್ಟು 6,35,004, ಬ್ಯಾಂಕಿನದು 6,31,860. ನೀವು ಹೇಳಿದಂತೆ ಹೆಚ್ಚುಕಡಿಮೆ ಒಂದೇ. ಆದರೆ ಶೇ 12ರಲ್ಲಿ ಇವತ್ತಿಗೆ ಇಳಿಸಿದರೆ ಬ್ಯಾಂಕಿನದು 5,00,000, ಫ್ಲ್ಯಾಟ್‌ನದು ಮೊದಲ ಕಂತು ಮುಂಗಡ ಸೇರಿ 5,36,377. ಮೂವತ್ತಾರು ಸಾವಿರ ಚಿಲ್ಲರೆ ವ್ಯತ್ಯಾಸ. ಇಂಥ ಸಾಲಗಳಿಗೆ 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಸಹಿಗೆ ಮೊದಲೇ ಸಾಲದ ಮುಖ್ಯ ವಿವರಗಳ ಪತ್ರ ಕೊಡಬೇಕು. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಎಪಿಆರ್ ಎಂಬ ಹೆಸರಿನಲ್ಲಿ ಅದರಲ್ಲಿರಬೇಕು, ಕಂತುವಾರು ಪಟ್ಟಿಯೂ ಇರಬೇಕು. ಇಬ್ಬರಿಂದಲೂ ಆ ಪತ್ರ ಪಡೆದು ಎಪಿಆರ್ ಅನ್ನು ಹೋಲಿಸಲು ತಮ್ಮನಿಗೆ ಹೇಳಿ. ನಮ್ಮ ಫೈನಾನ್ಸ್‌ನಲ್ಲೇ ಸಾಲ ತೆಗೆದುಕೊಂಡರೆ ಟ್ರ್ಯಾಕ್ಟರ್ ಬೆಲೆಯಲ್ಲಿ ಇಳಿಸುತ್ತೇವೆ ಎಂದು ಡೀಲರ್ ಹೇಳಿದರೆ, ಆ ರಿಯಾಯಿತಿ 36,377 ದಾಟಿದರೆ ಮಾತ್ರ ಮಾತು ಮುಂದುವರಿಸಲಿ.